ಉತ್ತರ ಗೊತ್ತಿಲ್ಲದ ಪ್ರಶ್ನೆ: ಪರಭಾಷೆಯ ಪಾಠ ಮತ್ತು ಬೆಂಗಳೂರಿನ ಒಂದು ಪ್ರಯೋಗ



ಪರಭಾಷೆಯ ಬೋಧನೆಯನ್ನು ಕುರಿತ ಜಗತ್ತಿನ ಪುಸ್ತಕಗಳಲ್ಲಿ ನಮ್ಮ ರಾಜಧಾನಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಅದು ಪ್ರಸಿದ್ಧ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆದ ಪ್ರಯೋಗ ಅದು. ಇಂದು ‘ಟಾಸ್ಕ್ ಆಧಾರಿತ ಬೋಧನೆ’ ಎಂದು ಹೆಸರಾಗಿರುವ ಪದ್ಧತಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ಆ ಪ್ರಯೋಗದ ಬಗ್ಗೆ ನಮ್ಮ ಶಿಕ್ಷಕರ ನಡುವೆ ಕನ್ನಡದಲ್ಲಿ ಮಾತು ನಡೆದದ್ದು ತೀರ ಕಡಿಮೆ. ಶಿಕ್ಷಕಿಯೊಬ್ಬರ ನೆನಪಿನ ಈ ದತ್ತಿ ಉಪನ್ಯಾಸದಲ್ಲಿ ಮಾತಾಡುವ ಅವಕಾಶ ಬಂದಾಗ ನನಗೆ ಬೇರೆ ವಿಷಯ ಹೊಳೆಯಲಿಲ್ಲ.

ಮೊದಲು ಅದರ ಹಿನ್ನೆಲೆ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಲ್ಲಿ ನಮ್ಮ ಶಾಲೆಗಳಿಗೆ ‘ಸ್ಟ್ರಕ್ಚರಲ್ ಅಪ್ರೋಚ್’ ಬಂತು. ಹೆರಾಲ್ಡ್ ಪಾಮರ್, ಎ. ಎಸ್. ಹಾರ್ನ್‌ಬಿ ಮೊದಲಾದವರ ಕೆಲಸದಿಂದ ಬೆಳೆದ ವಿಧಾನ ಅದು. ಭಾಷೆಯನ್ನು ವಾಕ್ಯ ರಚನೆಗಳಾಗಿ ಬಿಡಿಸಿ, ಸುಲಭದ್ದು ಮೊದಲು ಕಷ್ಟದ್ದು ಆಮೇಲೆ ಎಂದು ಜೋಡಿಸಿ, ದಿನಕ್ಕೊಂದರಂತೆ ಕಲಿಸುವುದು. ಹಳೆಯ ತರ್ಜುಮೆ ಪಾಠಕ್ಕಿಂತ ಇದು ಎಷ್ಟೋ ಮೇಲು. ಮಕ್ಕಳ ಕಿವಿಗೆ ಇಂಗ್ಲಿಷಿನ ಪೂರ್ತಿ ವಾಕ್ಯಗಳು ಬಿದ್ದದ್ದು ಇದರಿಂದಲೇ. ಹಾಗಿದ್ದರೂ ಆ ಪಾಠ ನಡೆಯುತ್ತಿದ್ದ ಬಗೆಯನ್ನು ನೆನೆಯಿರಿ. ಮೇಷ್ಟರು ಕುರ್ಚಿಯಿಂದ ಎದ್ದು ಬಾಗಿಲಿನತ್ತ ಹೆಜ್ಜೆ ಹಾಕುತ್ತ ‘ಐ ಆಮ್ ವಾಕಿಂಗ್ ಟು ದ ಡೋರ್’ ಎನ್ನುತ್ತಾರೆ. ನಲವತ್ತು ಮಕ್ಕಳು ‘ಯೂ ಆರ್ ವಾಕಿಂಗ್ ಟು ದ ಡೋರ್’ ಎಂದು ಒಕ್ಕೊರಲಿನಲ್ಲಿ ಹೇಳುತ್ತಾರೆ. ಮೇಷ್ಟರು ನಡೆಯುತ್ತಿರುವುದು ಎಲ್ಲರ ಕಣ್ಣಿಗೂ ಕಾಣುತ್ತಿದೆ. ಯಾರೂ ಯಾರಿಗೂ ಏನನ್ನೂ ತಿಳಿಸಲಿಲ್ಲ. ಮಗುವಿನ ನಾಲಿಗೆ ಕೆಲಸ ಮಾಡಿತು, ಮನಸ್ಸಿಗೆ ಕೆಲಸ ಸಿಗಲಿಲ್ಲ.

ಎಪ್ಪತ್ತರ ದಶಕದ ಹೊತ್ತಿಗೆ ಯೂರೋಪಿನಲ್ಲಿ ಬೇರೆ ಗಾಳಿ ಬೀಸಿತ್ತು. ವ್ಯಾಕರಣ ಬಲ್ಲವನಿಗೆ ಭಾಷೆ ಬಂದಂತಲ್ಲ, ಯಾರೊಡನೆ ಎಲ್ಲಿ ಯಾವಾಗ ಏನು ಹೇಳಬೇಕೆಂಬುದೂ ಭಾಷಾಜ್ಞಾನವೇ ಎಂದು ಅಮೆರಿಕದ ಭಾಷಾವಿದ್ವಾಂಸ ಡೆಲ್ ಹೈಮ್ಸ್ ವಾದಿಸಿದ್ದರು. ಕೌನ್ಸಿಲ್ ಆಫ್ ಯೂರೋಪ್ 1975ರಲ್ಲಿ, ಗಡಿ ದಾಟಿ ಓಡಾಡುವ ವಯಸ್ಕರಿಗೆ ಕನಿಷ್ಠ ಎಷ್ಟು ಭಾಷೆ ಬೇಕೆಂದು ಪಟ್ಟಿ ಮಾಡಿ ಪ್ರಕಟಿಸಿತು. ಮರುವರ್ಷ ಡೇವಿಡ್ ವಿಲ್ಕಿನ್ಸ್ ಅವರ ಪುಸ್ತಕ ಬಂತು. ವಿನಂತಿಸುವುದು, ಕ್ಷಮೆ ಕೇಳುವುದು, ದಾರಿ ವಿಚಾರಿಸುವುದು, ಇವೇ ಪಾಠದ ಘಟಕಗಳಾದವು. ಜರ್ಮನಿಯಿಂದ ಫ್ರಾನ್ಸಿಗೆ ಕೆಲಸಕ್ಕೆ ಹೋಗುವವನಿಗೆ ಇದು ಸರಿ. ನಾಳೆಯೇ ಅವನು ಅಂಗಡಿಗೆ ಹೋಗಿ ರೊಟ್ಟಿ ಕೇಳಬೇಕು.

ಹಾವೇರಿಯ ಹಳ್ಳಿಯ ಹುಡುಗಿ ನಾಳೆ ಯಾವ ಅಂಗಡಿಯಲ್ಲಿ ಇಂಗ್ಲಿಷ್ ಮಾತಾಡಬೇಕು? ಹೋಟೆಲ್ಲಿನಲ್ಲಿ ಕಾಫಿ ತರಿಸುವ ಸಂಭಾಷಣೆಯನ್ನು ಇಬ್ಬರು ಮಕ್ಕಳಿಂದ ಆಡಿಸಿದರೆ ಅದನ್ನು ಸಂವಹನ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಅಲ್ಲಿ ಕಾಫಿಯೂ ಇಲ್ಲ, ಬಾಯಾರಿಕೆಯೂ ಇಲ್ಲ. ಸಂಭಾಷಣೆಯನ್ನು ಬಾಯಿಪಾಠ ಮಾಡಿದವಳಿಗೆ ಎದುರಿನವಳ ಉತ್ತರ ಮೊದಲೇ ಗೊತ್ತು. ಬಾಗಿಲಿನತ್ತ ನಡೆಯುವ ಮೇಷ್ಟರಿಗೂ ಈ ನಾಟಕಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರ ದೊಡ್ಡತನ ಇರುವುದು ಇಲ್ಲಿ. ಅವರು ಸ್ಟ್ರಕ್ಚರಲ್ ಪದ್ಧತಿಯನ್ನು ಬಿಟ್ಟರು, ಯೂರೋಪಿನ ಮಾದರಿಯನ್ನೂ ಹಾಗೆಯೇ ಎತ್ತಿಕೊಳ್ಳಲಿಲ್ಲ. ನಮ್ಮ ಮಕ್ಕಳಿಗೆ ಸದ್ಯ ಬೇಕಾದದ್ದು ಸರಿಯಾದ ವಾಕ್ಯ ಕಟ್ಟುವ ಶಕ್ತಿಯೇ, ಅಂದರೆ ವ್ಯಾಕರಣದ ಹಿಡಿತವೇ ಎಂದು ಅವರು ಒಪ್ಪಿದರು. ಅವರ ಪ್ರಶ್ನೆ ಇದ್ದದ್ದು ಆ ಹಿಡಿತ ಬರುವ ದಾರಿಯ ಬಗ್ಗೆ. ವ್ಯಾಕರಣವನ್ನು ಕಣ್ಣಮುಂದಿಟ್ಟು ಕಲಿಸಿದರೆ ಅದು ಬರುತ್ತದೆಯೇ, ಅಥವಾ ಮನಸ್ಸು ಅರ್ಥದ ಹಿಂದೆ ಓಡುತ್ತಿರುವಾಗ ತಾನಾಗಿಯೇ ಒಳಗೆ ಕೂಡುತ್ತ ಬರುತ್ತದೆಯೇ? ಎರಡನೆಯದೇ ನಿಜವೆಂಬುದು ಅವರ ಊಹೆ. ಊಹೆಯನ್ನು ತರಗತಿಯಲ್ಲೇ ಪರೀಕ್ಷಿಸಲು ಹೊರಟರು.

ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾಗಿದ್ದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲ್ ಕೈಜೋಡಿಸಿದವು. ಬೆಂಗಳೂರು, ಮದರಾಸು, ಕಡಲೂರು ಮೊದಲಾದ ಊರುಗಳ ಶಾಲೆಗಳಲ್ಲಿ ಒಟ್ಟು ಎಂಟು ತರಗತಿಗಳು ಒಂದರಿಂದ ಮೂರು ವರ್ಷದ ಅವಧಿಗೆ ಈ ಪಾಠಕ್ಕೆ ದೊರೆತವು. ಸಾಧನಗಳೆಂದರೆ ಕರಿಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲ್. ಟೇಪ್ ರೆಕಾರ್ಡರ್ ಇಲ್ಲ, ಬಣ್ಣದ ಚಿತ್ರವಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹೊಸ ಪದ್ಧತಿ ಎಂದ ಕೂಡಲೇ ಸ್ಮಾರ್ಟ್ ಬೋರ್ಡಿನ ಟೆಂಡರ್ ಕರೆಯುವ ಕಾಲದಲ್ಲಿ ನಾವಿದ್ದೇವೆ.

ಪಾಠ ಹೇಗಿರುತ್ತಿತ್ತು? ನಕ್ಷೆಗಳು, ಗಡಿಯಾರದ ಮುಖ, ತಿಂಗಳ ಕ್ಯಾಲೆಂಡರು, ಶಾಲೆಯ ವೇಳಾಪಟ್ಟಿ, ರೈಲಿನ ವೇಳಾಪಟ್ಟಿ, ಊರುಗಳ ನಡುವಿನ ದೂರ, ಹಣದ ಲೆಕ್ಕ, ಅಂಚೆಯ ನಿಯಮಗಳು. ಇಂಥವನ್ನು ಮುಂದಿಟ್ಟುಕೊಂಡು ಒಂದು ಸಮಸ್ಯೆಯನ್ನು ಬಿಡಿಸುವುದು, ಅಷ್ಟೇ. ಟಾಸ್ಕ್ ಎಂದರೆ ಇದೇ. ಆ ಮಾದರಿಯಲ್ಲಿ ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. ಹಲಗೆಯ ಮೇಲೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಮೂರು ರೈಲುಗಳ ಸಮಯವನ್ನು ಬರೆಯಿರಿ. ಮೊದಲನೆಯದು 6.15ಕ್ಕೆ ಹೊರಟು 9.00ಕ್ಕೆ ತಲುಪುತ್ತದೆ. ಎರಡನೆಯದು 7.45ಕ್ಕೆ ಹೊರಟು 10.15ಕ್ಕೆ, ಮೂರನೆಯದು 9.30ಕ್ಕೆ ಹೊರಟು 11.45ಕ್ಕೆ. ರಾಜಣ್ಣ ಎಂಬುವನಿಗೆ ಮೈಸೂರಿನಲ್ಲಿ ಮದುವೆ. ಮುಹೂರ್ತ 10.40ಕ್ಕೆ. ನಿಲ್ದಾಣದಿಂದ ಛತ್ರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಆದಷ್ಟು ತಡವಾಗಿ ಮನೆ ಬಿಡಬೇಕೆಂದು ಅವನ ಆಸೆ. ಯಾವ ರೈಲು ಹಿಡಿಯಬೇಕು?

ತರಗತಿಯಲ್ಲಿ ಮಾತು ಹೀಗೆ ಸಾಗುತ್ತದೆ.

‘ಕ್ಯಾನ್ ಹಿ ಟೇಕ್ ದ ಸೆಕೆಂಡ್ ಟ್ರೇನ್?’

‘ಯೆಸ್ ಮಿಸ್.’

‘ವೆನ್ ಡಸ್ ಇಟ್ ರೀಚ್ ಮೈಸೂರ್?’

‘ಟೆನ್ ಫಿಫ್ಟೀನ್.’

‘ಇಟ್ ರೀಚಸ್ ಮೈಸೂರ್ ಅಟ್ ಟೆನ್ ಫಿಫ್ಟೀನ್. ಅಂಡ್ ದೆನ್?’

‘ಬಸ್... ಹಾಫ್ ಅವರ್...’ ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ: ‘ಲೇಟ್ ಮಿಸ್!’

‘ಯೆಸ್, ಹಿ ವಿಲ್ ಬಿ ಲೇಟ್. ಬೈ ಹೌ ಮೆನಿ ಮಿನಿಟ್ಸ್?’

ಇಲ್ಲಿ ಏನಾಯಿತು ನೋಡಿ. ಹಿಂದಿನ ಬೆಂಚಿನ ಮಗು ಆಡಿದ್ದು ಒಂದೇ ಪದ. ಸ್ಟ್ರಕ್ಚರಲ್ ಪಾಠದಲ್ಲಾಗಿದ್ದರೆ ‘ಪೂರ್ತಿ ವಾಕ್ಯದಲ್ಲಿ ಹೇಳು’ ಎಂದು ಅದನ್ನು ನಿಲ್ಲಿಸುತ್ತಿದ್ದೆವು. ಇಲ್ಲಿ ಆ ಒಂದು ಪದ ಪೂರ್ತಿ ಉತ್ತರ. ಏಕೆಂದರೆ ಕೇಳಿದ್ದು ವಾಕ್ಯವನ್ನಲ್ಲ, ವಿಷಯವನ್ನು. ಶಿಕ್ಷಕಿ ಆ ಪದವನ್ನು ಒಪ್ಪಿಕೊಂಡು, ಮಗು ಏನು ಹೇಳಬೇಕೆಂದಿತ್ತೋ ಅದನ್ನೇ ಪೂರ್ತಿ ವಾಕ್ಯವಾಗಿ ನುಡಿದು ಮುಂದಕ್ಕೆ ಹೋದರು. ಆ ಕ್ಷಣದಲ್ಲಿ ‘ಹಿ ವಿಲ್ ಬಿ ಲೇಟ್’ ಎಂಬ ವಾಕ್ಯ ಆ ಮಗುವಿನ ಕಿವಿಗೆ ಬೀಳುವ ರೀತಿಯೇ ಬೇರೆ. ತನ್ನದೇ ಯೋಚನೆ ಇಂಗ್ಲಿಷಿನ ರೂಪ ತಾಳಿ ತಿರುಗಿ ಬಂದಿದೆ. ಐದು ನಿಮಿಷ ತಡವೆಂದು ಗೊತ್ತಾದ ಮೇಲೆ ಮೊದಲ ರೈಲೇ ಗತಿ. ‘ಬಸ್ಸು ಬಿಟ್ಟು ಆಟೊದಲ್ಲಿ ಹತ್ತೇ ನಿಮಿಷಕ್ಕೆ ಹೋಗಬಹುದಾದರೆ?’ ಎಂದು ಶಿಕ್ಷಕಿ ಕೇಳಿದರೆ ಲೆಕ್ಕ ಮತ್ತೆ ಬದಲಾಗುತ್ತದೆ, ಇಡೀ ತರಗತಿ ಇನ್ನೊಮ್ಮೆ ಹಲಗೆಯನ್ನು ಓದುತ್ತದೆ.

ಹೀಗೆ ಎಲ್ಲರೂ ಸೇರಿ ಬಾಯಿಮಾತಿನಲ್ಲಿ ಒಂದು ಸಮಸ್ಯೆಯನ್ನು ಬಿಡಿಸುವುದು ಪಾಠದ ಮೊದಲ ಭಾಗ. ಅದೇ ಬಗೆಯ ಇನ್ನೊಂದನ್ನು ಪ್ರತಿ ಮಗುವೂ ಕಾಗದದ ಮೇಲೆ ತಾನೇ ಓದಿ ಬಿಡಿಸುವುದು ಎರಡನೆಯ ಭಾಗ. ಶಿಕ್ಷಕರು ಅಂಕ ಹಾಕಿ ಕೊಡುತ್ತಿದ್ದರು. ಸಮಸ್ಯೆ ಎಷ್ಟು ಕಷ್ಟವಿರಬೇಕು ಎಂಬುದಕ್ಕೆ ಅವರು ಇಟ್ಟುಕೊಂಡ ಅಳತೆ ನನಗೆ ಬಹಳ ಹಿಡಿಸಿದೆ. ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಸುಮಾರು ಅರ್ಧದಷ್ಟು ಬಂದರೆ ಆ ಸಮಸ್ಯೆ ಸರಿಯಾಗಿದೆ. ಎಲ್ಲರಿಗೂ ಎಲ್ಲವೂ ಬಂದರೆ ಅಲ್ಲಿ ಯೋಚಿಸಲು ಏನೂ ಇರಲಿಲ್ಲ, ಯಾರಿಗೂ ಬಾರದಿದ್ದರೆ ಮಕ್ಕಳು ಕೈಚೆಲ್ಲುತ್ತಾರೆ. ನಾಳಿನ ಪಾಠವನ್ನು ಇವತ್ತಿನ ಫಲಿತಾಂಶ ತೀರ್ಮಾನಿಸುತ್ತಿತ್ತು.

ಪ್ರಭು ಮೂರು ಬಗೆಯ ಚಟುವಟಿಕೆಗಳನ್ನು ಗುರುತಿಸಿದರು. ಒಬ್ಬನಲ್ಲಿರುವ ಮಾಹಿತಿ ಇನ್ನೊಬ್ಬನಿಗೆ ಇಲ್ಲದಿರುವಾಗ ಅದನ್ನು ದಾಟಿಸುವುದು ಒಂದು. ಇರುವ ಮಾಹಿತಿಯಿಂದ ತರ್ಕ ಮಾಡಿ ಹೊಸದನ್ನು ಕಂಡುಕೊಳ್ಳುವುದು ಇನ್ನೊಂದು. ತನ್ನ ಅಭಿಪ್ರಾಯ, ಇಷ್ಟಾನಿಷ್ಟಗಳನ್ನು ಹೇಳುವುದು ಮೂರನೆಯದು. ಇವುಗಳಲ್ಲಿ ತರ್ಕದ್ದೇ ತರಗತಿಗೆ ಹೆಚ್ಚು ಒದಗುತ್ತದೆಂದು ಅವರ ಅನುಭವಕ್ಕೆ ಬಂತು. ಮಾಹಿತಿ ದಾಟಿಸುವ ಕೆಲಸ ಒಂದೇ ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. ಅಭಿಪ್ರಾಯ ಹೇಳು ಎಂದರೆ ಭಾಷೆ ಇನ್ನೂ ಬಾರದ ಮಗು ತಡವರಿಸುತ್ತದೆ, ಸರಿ ಯಾವುದು ತಪ್ಪು ಯಾವುದು ಎಂಬ ಆಸರೆಯೂ ಅಲ್ಲಿಲ್ಲ. ಲೆಕ್ಕದಂಥ ಸಮಸ್ಯೆಯಲ್ಲಾದರೆ ಉತ್ತರ ಖಚಿತ. ತಪ್ಪಾದರೆ ಲೆಕ್ಕ ತಪ್ಪಿತೇ ಹೊರತು ಮಗು ಅವಮಾನಕ್ಕೆ ಈಡಾಗುವುದಿಲ್ಲ. ‘ನಿನ್ನ ಅಭಿಪ್ರಾಯ ಹೇಳು’ ಎಂದು ಎಲ್ಲರ ಮುಂದೆ ನಿಲ್ಲಿಸಿದಾಗ ನಾಚಿ ಮುದುಡುವ ಮಕ್ಕಳನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು. ಸಂವಹನವೆಂದರೆ ಮಗುವನ್ನು ಮಾತಾಡಲು ಬಲವಂತಪಡಿಸುವುದು ಎಂದು ತಿಳಿದವರಿಗೆ ಈ ಪ್ರಯೋಗ ಸರಿಯಾದ ಉತ್ತರ ಕೊಟ್ಟಿದೆ. ಇಲ್ಲಿ ಕೇಳುವುದು, ಓದುವುದು ಮುಂದೆ. ಮಾತು ಅದರ ಹಿಂದೆ, ತನ್ನ ಹೊತ್ತಿಗೆ ಬರುತ್ತದೆ.

ಇನ್ನೆರಡು ಸಂಗತಿಗಳು ಇಂದಿನ ತರಬೇತಿ ಶಿಬಿರಗಳಲ್ಲಿ ಕೇಳಿಬರುವ ಮಾತಿಗೆ ವಿರುದ್ಧವಾಗಿವೆ. ಗುಂಪು ಚಟುವಟಿಕೆಯನ್ನು ಪ್ರಭು ನೆಚ್ಚಲಿಲ್ಲ. ಮಕ್ಕಳು ತಾವಾಗಿ ಪಕ್ಕದವರನ್ನು ಕೇಳಿದರೆ ಅಡ್ಡಿಯಿಲ್ಲ. ಆದರೆ ಅರೆಬರೆ ಇಂಗ್ಲಿಷಿನ ಮಕ್ಕಳು ತಮ್ಮತಮ್ಮೊಳಗೇ ಅದನ್ನು ಆಡುತ್ತಿದ್ದರೆ ತಪ್ಪುಗಳೇ ಗಟ್ಟಿಯಾಗುತ್ತವೆ, ಅವರಿಗೆ ಬೇಕಾದದ್ದು ಶಿಕ್ಷಕರ ಬಾಯಿಂದ ಬರುವ ಒಳ್ಳೆಯ ಭಾಷೆ ಎಂಬುದು ಅವರ ನಿಲುವು. ದೊಡ್ಡವರು ಚಿಕ್ಕ ಮಗುವಿನೊಡನೆ ಮಾತಾಡುವಾಗ ಯಾರೂ ಹೇಳಿಕೊಡದೆ ಮಾತನ್ನು ಸರಳಗೊಳಿಸುತ್ತಾರಲ್ಲ, ಶಿಕ್ಷಕರೂ ಹಾಗೆಯೇ ಮಾತಾಡಿದರೆ ಸಾಕು, ರಚನೆಗಳನ್ನು ಪಟ್ಟಿ ಮಾಡಿ ಬಳಸಬೇಕಿಲ್ಲ. ಮಾತೃಭಾಷೆಯ ವಿಷಯದಲ್ಲೂ ಅಷ್ಟೇ. ಮಕ್ಕಳು ಕನ್ನಡದಲ್ಲೋ ತಮಿಳಿನಲ್ಲೋ ಪಿಸುಗುಟ್ಟಿಕೊಂಡು ಯೋಚಿಸುವುದನ್ನು ಅಲ್ಲಿ ನಿಷೇಧಿಸಿರಲಿಲ್ಲ. ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ಶಾಲೆಗಳು ತಾವು ಆಧುನಿಕವೆಂದು ಬೀಗುತ್ತವೆ. ಜಗತ್ತು ಗುರುತಿಸಿದ ಆಧುನಿಕ ಪ್ರಯೋಗಕ್ಕೆ ಅಂಥ ದಂಡದ ಅಗತ್ಯ ಬೀಳಲಿಲ್ಲ.

ಫಲ ಏನಾಯಿತು? 1984ರಲ್ಲಿ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಮೌಲ್ಯಮಾಪನ ನಡೆಸಿ ಮರುವರ್ಷ ವರದಿಯನ್ನು ಪ್ರಕಟಿಸಿದರು. ಸ್ಟ್ರಕ್ಚರಲ್ ಪರೀಕ್ಷೆಯಲ್ಲಿ ಹೋಲಿಕೆಗೆ ತೆಗೆದುಕೊಂಡ ಸ್ಟ್ರಕ್ಚರಲ್ ತರಗತಿಗಳು ಚೆನ್ನಾಗಿ ಮಾಡಿದವು, ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಪ್ರಯೋಗದ ತರಗತಿಗಳು. ಇದು ನಿರೀಕ್ಷಿತವೇ. ಎರಡೂ ಕಡೆಗೆ ಸೇರದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಯೋಗದ ಮಕ್ಕಳದೇ ಮೇಲುಗೈ. ಪಾಠವಾಗಿ ಕಲಿಸದ ವ್ಯಾಕರಣ ಅವರಲ್ಲಿ ಬೇರೂರಿತ್ತು. ತರಗತಿಗಳನ್ನು ಪ್ರಯೋಗಕ್ಕೆಂದೇ ಸಮವಾಗಿ ಹಂಚಿರಲಿಲ್ಲವಾದ್ದರಿಂದ ವರದಿ ಬರೆದವರು ಎಚ್ಚರಿಕೆಯಿಂದಲೇ ಮಾತಾಡಿದರು. ಅದು ಅವರ ಪ್ರಾಮಾಣಿಕತೆ, ನಾವೂ ಅದಕ್ಕಿಂತ ಹೆಚ್ಚು ಹೇಳಬಾರದು. ಪ್ರಭು ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ 1987ರಲ್ಲಿ ಹೊರಬಂತು.

ಆಕ್ಷೇಪಗಳೂ ಬಂದವು, ಈಗಲೂ ಇವೆ. ಮೈಕೇಲ್ ಸ್ವಾನ್ 2005ರಲ್ಲಿ ಎತ್ತಿದ ಪ್ರಶ್ನೆ ನಮ್ಮ ಪರಿಸ್ಥಿತಿಗೆ ನೇರವಾಗಿ ತಟ್ಟುತ್ತದೆ. ವಾರಕ್ಕೆ ಕೆಲವೇ ಪೀರಿಯಡ್, ಶಾಲೆಯ ಹೊರಗೆ ಆ ಭಾಷೆಯ ಸುಳಿವೇ ಇಲ್ಲ. ಇಂಥಲ್ಲಿ ಭಾಷೆ ತಾನಾಗಿ ಒಳಗಿಳಿಯುವಷ್ಟು ಬಳಕೆ ಎಲ್ಲಿ ಸಿಗುತ್ತದೆ? ಹೊಸ ಪದ, ಹೊಸ ರಚನೆಗಳನ್ನು ಯೋಜಿಸಿ ಕಲಿಸದೆ ಬಿಟ್ಟರೆ ಅವು ಬರುವುದು ಯಾವಾಗ? ಅರ್ಧಕ್ಕಿಂತ ಹೆಚ್ಚು ನಾನು ಇದನ್ನು ಒಪ್ಪುತ್ತೇನೆ. ರೈಲಿನ ವೇಳಾಪಟ್ಟಿಯಿಂದ ಇಡೀ ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ಕಥೆ ಬೇಕು, ಓದುವ ಪುಸ್ತಕಗಳು ಬೇಕು, ಹತ್ತನೆಯ ತರಗತಿಯ ಹೊತ್ತಿಗೆ ಒಂದಿಷ್ಟು ನೇರ ವ್ಯಾಕರಣವೂ ಬೇಕು. ಆದರೆ ಪೀರಿಯಡ್ ಕಡಿಮೆ ಇದೆಯೆಂದು ಆ ಕಡಿಮೆ ಪೀರಿಯಡ್‌ಗಳನ್ನೂ ಯಾರಿಗೂ ಬೇಡದ ವಾಕ್ಯಗಳಿಗೆ ಸುರಿಯುವುದು ಯಾವ ನ್ಯಾಯ?

ಆ ವರ್ಷಗಳ ಕರ್ನಾಟಕವನ್ನು ಒಮ್ಮೆ ನೆನೆಯಬೇಕು. 1980ರಲ್ಲಿ ಶಾಲೆಯ ಭಾಷೆಗಳನ್ನು ಕುರಿತ ಗೋಕಾಕ್ ಸಮಿತಿ ರಚನೆಯಾಯಿತು, 1981ರಲ್ಲಿ ವರದಿ ಬಂತು, 1982ರಲ್ಲಿ ಚಳವಳಿ. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಸಿಗಬೇಕೆಂದು ಡಾ. ರಾಜ್‌ಕುಮಾರ್ ನೇತೃತ್ವದಲ್ಲಿ ಊರೂರು ಎದ್ದು ನಿಂತಿದ್ದ ಕಾಲ. ಅದೇ ಬೆಂಗಳೂರಿನ ತರಗತಿಯೊಂದರಲ್ಲಿ ಇಂಗ್ಲಿಷನ್ನು ಹೇಗೆ ಕಲಿಸಬೇಕೆಂಬ ಈ ಕೆಲಸ ಸದ್ದಿಲ್ಲದೆ ನಡೆದಿತ್ತು. ಸಮಿತಿಯ ಅಧ್ಯಕ್ಷರಾಗಿದ್ದ ವಿನಾಯಕ ಕೃಷ್ಣ ಗೋಕಾಕರು ಸ್ವತಃ ಇಂಗ್ಲಿಷ್ ಪ್ರಾಧ್ಯಾಪಕರು, ಹಿಂದೆ ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದವರು. ಕನ್ನಡಕ್ಕೆ ಅಗ್ರಸ್ಥಾನ, ಇಂಗ್ಲಿಷಿಗೆ ಒಳ್ಳೆಯ ಬೋಧನೆ, ಎರಡನ್ನೂ ಒಬ್ಬರೇ ಬಯಸಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಸಾರ್ವಜನಿಕ ಚರ್ಚೆ ಮಾತ್ರ ಯಾವ ಭಾಷೆ, ಯಾವ ತರಗತಿಯಿಂದ ಎಂಬಲ್ಲೇ ನಿಂತಿತು. 2007-08ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಾಗಲೂ ವಾದ ನಡೆದದ್ದು ಅದರ ಬಗ್ಗೆಯೇ. ಹೇಗೆ ಕಲಿಸುವುದು ಎಂಬ ಪ್ರಶ್ನೆಯನ್ನು ಬೀದಿಯಲ್ಲಿ ಯಾರೂ ಕೇಳಲಿಲ್ಲ. ಮಗುವಿಗೆ ನಷ್ಟವಾಗುವುದು ಅಲ್ಲಿ.

ಈಗ ಈ ವಿಚಾರವನ್ನು ತಿರುಗಿಸಿ ನಮ್ಮ ಭಾಷೆಯ ಕಡೆಗೆ ಹಿಡಿಯೋಣ. ಬೆಂಗಳೂರಿಗೆ ಬಂದವರಿಗೆ ಕನ್ನಡ ಕಲಿಸುವ ತರಗತಿಗಳು ಅಲ್ಲಲ್ಲಿ ನಡೆಯುತ್ತವೆ. ಬೇರೆ ರಾಜ್ಯದ ಶಿಕ್ಷಕರಿಗೆ ಕನ್ನಡ ಕಲಿಸುವ ಕೆಲಸವನ್ನು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ದಶಕಗಳಿಂದ ಮಾಡುತ್ತ ಬಂದಿದೆ. ಹಾವೇರಿಯ ಹುಡುಗಿಗೆ ಇಂಗ್ಲಿಷಿನ ವಿಷಯದಲ್ಲಿ ಇಲ್ಲದ್ದು ಈ ಹೊಸಬರಿಗೆ ಕನ್ನಡದ ವಿಷಯದಲ್ಲಿ ಧಾರಾಳವಾಗಿ ಇದೆ. ಮನೆಯಿಂದ ಹೊರಬಿದ್ದರೆ ಆಟೊ, ಸಂತೆ, ಬ್ಯಾಂಕು, ಎಲ್ಲ ಕಡೆಯೂ ನಿಜವಾದ ಸಂವಹನ ಕಾದಿದೆ. ಆದರೂ ಅವರು ‘ಊಟ ಆಯ್ತಾ’, ‘ಸ್ವಲ್ಪ ಸ್ವಲ್ಪ ಗೊತ್ತು’ ಎಂಬಷ್ಟಕ್ಕೇ ವರ್ಷಗಟ್ಟಲೆ ನಿಲ್ಲುವುದೇಕೆ? ಅವರು ತಡವರಿಸುತ್ತ ಒಂದು ಕನ್ನಡ ವಾಕ್ಯ ಆಡಿದ ಕೂಡಲೇ ನಾವು ಹಿಂದಿಗೋ ಇಂಗ್ಲಿಷಿಗೋ ದಾಟಿಬಿಡುತ್ತೇವೆ. ಇದು ನಮ್ಮ ಸೌಜನ್ಯ ಇರಬಹುದು, ಅವಸರ ಇರಬಹುದು. ಕಲಿಯುವವನ ಪಾಲಿಗೆ ಬಾಗಿಲು ಮುಚ್ಚಿದಂತೆಯೇ. ತನಗೆ ತಿಳಿಯಬೇಕಾದ ಸಂಗತಿ ಕನ್ನಡದಲ್ಲೇ ಬಂದರೆ ಅವನು ಕಿವಿಗೊಟ್ಟು ಕೇಳುತ್ತಾನೆ, ಅರ್ಥವಾಗದಿದ್ದರೆ ಮತ್ತೆ ಕೇಳುತ್ತಾನೆ. ರೈಲಿನ ಪಾಠದ ಶಿಕ್ಷಕಿ ಮಗುವಿನ ಒಂದು ಪದವನ್ನು ಒಪ್ಪಿಕೊಂಡು ಪೂರ್ತಿ ವಾಕ್ಯವಾಗಿ ತಿರುಗಿಸಿ ಕೊಟ್ಟಂತೆ ತರಕಾರಿ ಅಂಗಡಿಯವರೂ ಮಾಡಬಹುದು. ‘ಟೊಮೆಟೊ ಅರ್ಧ’ ಎಂದವರಿಗೆ ‘ಅರ್ಧ ಕೆಜಿ ಕೊಡ್ಲಾ, ಹಣ್ಣಾಗಿರೋದಾ, ಗಟ್ಟಿಯದಾ?’ ಎಂದು ನಿಧಾನವಾಗಿ ಕೇಳಿದರೆ ಅದಕ್ಕಿಂತ ಒಳ್ಳೆಯ ಕನ್ನಡ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

ಶಿಕ್ಷಕರ ಬಗ್ಗೆ ಹೇಳಬೇಕಾದದ್ದು ಉಳಿದಿದೆ. ಪ್ರಯೋಗ ಮುಗಿದ ಮೇಲೆ ಬೆರೆಟ್ಟಾ ಇನ್ನೊಂದು ಅಧ್ಯಯನ ಮಾಡಿ 1990ರಲ್ಲಿ ಪ್ರಕಟಿಸಿದರು. ಶಿಕ್ಷಕರಲ್ಲಿ ಹಲವರು ಈ ವಿಧಾನದ ಒಳಮರ್ಮವನ್ನು ತಮ್ಮದಾಗಿಸಿಕೊಂಡಿರಲಿಲ್ಲ ಎಂದು ಅದರಿಂದ ತಿಳಿಯಿತು. ಅದೇ ವರ್ಷ ಪ್ರಭು ಬರೆದ ಪ್ರಬಂಧವೊಂದರ ವಿಚಾರ, ಅತ್ಯುತ್ತಮ ಪದ್ಧತಿ ಎಂಬುದೇ ಇಲ್ಲ ಎಂಬುದು. ಪದ್ಧತಿ ಯಾವುದೇ ಆಗಲಿ, ಶಿಕ್ಷಕರಿಗೆ ತಾವು ಮಾಡುತ್ತಿರುವುದರಲ್ಲಿ ಒಳಗಿನಿಂದ ನಂಬಿಕೆ ಇರಬೇಕು, ಆ ನಂಬಿಕೆ ಬೆಳೆಯುತ್ತ ಬದಲಾಗುತ್ತ ಇರಬೇಕು, ಪಾಠ ಯಾಂತ್ರಿಕವಾದ ದಿನ ಅದು ಸತ್ತಂತೆ ಎಂದರು. ತಮ್ಮದೇ ಪದ್ಧತಿ ಜಗತ್ಪ್ರಸಿದ್ಧವಾದ ಮೇಲೆ ಹೀಗೆ ಬರೆಯಲು ದೊಡ್ಡ ಮನಸ್ಸು ಬೇಕು. ಮೇಲಿನಿಂದ ಬಂದ ಸುತ್ತೋಲೆಯಿಂದ ಈ ಕೆಲಸ ಆಗದು ಎಂಬುದಕ್ಕೂ ಇದೇ ಕಾರಣ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಬೋಧನಾ ಕ್ರಮ ಬೇರೂರಿದ್ದು ಅಲ್ಲಿನ ಶಿಕ್ಷಕರೇ ಕೂತು ಕಲಿಕೆಯ ಕಾರ್ಡುಗಳನ್ನು ರೂಪಿಸಿದ್ದರಿಂದ ಎಂದು ನಾನು ನಂಬಿದ್ದೇನೆ.

ಕಾರ್ಡು ರೂಪಿಸುವ ಕೈಗಳು ಸಮಸ್ಯೆಗಳನ್ನೂ ರೂಪಿಸಬಲ್ಲವು. ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರಲ್ಲಿ ನನ್ನದೊಂದು ಕೋರಿಕೆ ಇದೆ. ಮುಂದಿನ ವರ್ಷದ ಹಣದಲ್ಲಿ ಇನ್ನೊಂದು ಉಪನ್ಯಾಸದ ಬದಲು, ತಾಲ್ಲೂಕಿನ ಇಂಗ್ಲಿಷ್ ಶಿಕ್ಷಕರನ್ನು ಎರಡು ದಿನ ಒಂದೆಡೆ ಕೂರಿಸಿ. ನಮ್ಮ ಬಸ್ ನಿಲ್ದಾಣದ ವೇಳಾಪಟ್ಟಿ, ಪಡಿತರದ ಲೆಕ್ಕ, ಎಪಿಎಂಸಿಯ ದಿನದ ಧಾರಣೆ, ಆಸ್ಪತ್ರೆಯ ಔಷಧ ಚೀಟಿ, ಊರಿನ ಜಾತ್ರೆಯ ಕಾರ್ಯಕ್ರಮ ಪಟ್ಟಿ, ಇವುಗಳಿಂದ ಸಮಸ್ಯೆಗಳನ್ನು ಕಟ್ಟಲಿ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ತಮ್ಮ ತರಗತಿಯಲ್ಲಿ ನಡೆಸಿ, ಎಷ್ಟು ಮಕ್ಕಳಿಗೆ ಎಷ್ಟು ಬಂತೆಂದು ಅಂಚಿನಲ್ಲಿ ಬರೆದು ಹಿಂದಿರುಗಿಸಲಿ. ಅರ್ಧಕ್ಕೆ ಅರ್ಧ ಎಂಬ ಅಳತೆಯಲ್ಲಿ ನಿಂತವುಗಳನ್ನು ಆರಿಸಿ ಅಚ್ಚು ಹಾಕಿಸೋಣ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಬಾಯಿಪಾಠ ಮಾಡಿ ಬರೆಯುವ ರಜೆ ಅರ್ಜಿಯ ಜಾಗಕ್ಕೆ ಇಂಥದೊಂದು ಪ್ರಶ್ನೆ ಬರುವಂತೆ ಪರೀಕ್ಷಾ ಮಂಡಳಿಗೆ ಮನವಿ ಕೊಡುವಾಗ ಕೈಯಲ್ಲಿ ಆ ಪುಸ್ತಿಕೆ ಇರಲಿ. ಮೊದಲ ಕಂತಿನ ಸಮಸ್ಯೆಗಳನ್ನು ಬರೆದುಕೊಡುವ ಹೊಣೆ ನನ್ನದು.